ವರದಿಗಾರರ ವೀಸಾ ಕೆಡುವುದು ಊರಲ್ಲೇ: ವಾರ್ತಾ ಇಲಾಖೆಗೆ ಹಾಗೂ ಪತ್ರಿಕೆ, ಚಾನೆಲ್‌ಗಳ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಆಯುಕ್ತರು,
ಕನ್ನಡ ಪತ್ರಿಕೆ ಮತ್ತು ಸುದ್ದಿವಾಹಿನಿಗಳ ಮಾಲೀಕರು, ಸಂಪಾದಕರು.

ಮಾನ್ಯರೆ,

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ವರದಿಗಾರರು ಹೊರದೇಶಕ್ಕೆ ವರದಿಗೆಂದು ಹೊರಟಾಗ ಅವರ ವೀಸಾ ಅರ್ಜಿ ಯಾಕೆ ಬೀಳುತ್ತದೆ, ಬೀಳದಂತೆ ನೋಡಿಕೊಳ್ಳಲು ನೀವು ಏನು ಮಾಡಬಹುದು ಎಂದು ಹೇಳಲು ಈ ಪತ್ರ. ನಾವು ಹಣ ಕೇಳುತ್ತಿಲ್ಲ, ವಿಮಾನದ ಟಿಕೆಟ್ಟನ್ನೂ ಕೇಳುತ್ತಿಲ್ಲ. ಒಂದು ಪುಟದ ಪತ್ರ, ಬ್ಯಾಂಕಿನ ಮೂಲಕ ಸಂದಾಯ, ದೂತಾವಾಸದ ಫೋನು ಬಂದರೆ ಎತ್ತಿ ಸರಿಯಾಗಿ ಉತ್ತರಿಸುವ ಒಬ್ಬ ಮನುಷ್ಯ: ಕೇಳುವುದು ಇಷ್ಟೇ.

ತಾಲ್ಲೂಕು ವರದಿಗಾರನಿಗೆ ಪರದೇಶದಲ್ಲೇನು ಕೆಲಸ ಎಂಬ ಪ್ರಶ್ನೆ ಮೊದಲಿಗೇ ಬರುತ್ತದೆ. ಸಂಡೂರಿನ ಅದಿರು ಲಾರಿ ಹತ್ತಿ ಬೇಲೆಕೇರಿಗೆ ಹೋಗಿ ಹಡಗಿನಲ್ಲಿ ಚೀನಾ ಸೇರುತ್ತಿದ್ದ ಕಾಲ ಯಾರಿಗೂ ಮರೆತಿಲ್ಲ. 2010ರ ಜುಲೈನಲ್ಲಿ ರಾಜ್ಯ ರಫ್ತು ನಿಲ್ಲಿಸಿತು. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ರಫ್ತಿನ ಬಾಗಿಲು ಮತ್ತೆ ತೆರೆದದ್ದು 2022ರ ಮೇ ತಿಂಗಳಲ್ಲಿ. ಇಷ್ಟೂ ವರ್ಷ ನಮ್ಮ ಓದುಗರಿಗೆ ಗಣಿಯಿಂದ ಬಂದರಿನವರೆಗಿನ ಕಥೆ ಕನ್ನಡದಲ್ಲಿ ಸಿಕ್ಕಿತು, ಬಂದರಿನಾಚೆಗಿನದು ಏಜೆನ್ಸಿ ಸುದ್ದಿಯಾಗಿಯೇ ಉಳಿಯಿತು. ಅಕ್ಕಿಯ ಕಥೆಯೂ ಬೇರೆಯಲ್ಲ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿ, 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆಯಿತು. ಗಂಗಾವತಿ, ಸಿಂಧನೂರು, ಮಾನ್ವಿಯ ಗಿರಣಿಗಳಿಗೆ ಅದರಿಂದ ಏನಾಯಿತು ಎಂದು ಬರೆದವರಿದ್ದಾರೆ. ಅಕ್ಕಿ ಕೊಳ್ಳುತ್ತಿದ್ದ ದೇಶಗಳ ಪೇಟೆಯಲ್ಲಿ ನಿಂತು ಬರೆದ ಕನ್ನಡ ವರದಿಯನ್ನು ಹುಡುಕಬೇಕು. ಸಿಂಧನೂರು ತಾಲ್ಲೂಕಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳ ಬಂಗಾಳಿ ಕುಟುಂಬಗಳ ಬಗ್ಗೆ ಬರೆಯುವವನಿಗೆ ಗಡಿಯಾಚೆಯ ಬಾಂಗ್ಲಾದೇಶದ ಹಳ್ಳಿಯನ್ನೂ ನೋಡಬೇಕೆನಿಸುವುದು ಸಹಜ. 2024ರಲ್ಲಿ ಪಕ್ಕದ ಕಲಬುರಗಿಯ ಯುವಕರು ಸಹಾಯಕರ ಕೆಲಸವೆಂದು ನಂಬಿ ಹೋಗಿ ರಷ್ಯಾ ಸೇನೆಯ ಕೈಗೆ ಸಿಕ್ಕಿಬಿದ್ದಾಗ, ನಮ್ಮ ಜಿಲ್ಲೆಗಳ ವರದಿಗಾರರಿಗೆ ಎಟುಕಿದ್ದು ಅವರ ಮನೆಯ ಬಾಗಿಲು ಮಾತ್ರ.

ಹೋಗಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ಪೇಟೆಯ ಏಜೆಂಟರ ಸಲಹೆ. "ಟೂರಿಸ್ಟ್ ವೀಸಾ ಹಾಕ್ರಿ, ಪತ್ರಕರ್ತ ಅಂತ ಬರೀಬ್ಯಾಡ್ರಿ, ಒಕ್ಕಲುತನ ಅಂತ ಹಾಕ್ರಿ." ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ವೃತ್ತಿ ಮುಚ್ಚಿಟ್ಟದ್ದು ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದಂತೆ ಎಂದು ತೀರ್ಮಾನವಾದರೆ ಅಮೆರಿಕದ ಕಾನೂನು ಆ ವ್ಯಕ್ತಿಗೆ ಶಾಶ್ವತವಾಗಿ ಬಾಗಿಲು ಮುಚ್ಚುತ್ತದೆ. ಆಮೇಲೆ ಪ್ರತಿ ಸಲವೂ ವಿಶೇಷ ವಿನಾಯಿತಿ ಬೇಡಬೇಕು. ಬ್ರಿಟನ್‌ನಲ್ಲಿ ವಂಚನೆ ಎಂದು ದಾಖಲಾದರೆ 10 ವರ್ಷದ ನಿಷೇಧ. ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳ ವೀಸಾ ದತ್ತಾಂಶ ವ್ಯವಸ್ಥೆಯಲ್ಲಿ ಅರ್ಜಿಯ ವಿವರ 5 ವರ್ಷದವರೆಗೆ ಉಳಿಯುತ್ತದೆ, ಒಂದು ದೇಶ ನಿರಾಕರಿಸಿದ್ದನ್ನು ಮಿಕ್ಕ ದೇಶಗಳೂ ನೋಡುತ್ತವೆ. ಇಷ್ಟಕ್ಕೂ ಹೆಸರನ್ನು ಗೂಗಲ್‌ನಲ್ಲಿ ಹಾಕಿದರೆ ಬೈಲೈನ್ (ಬರೆದವರ ಹೆಸರು) ಸಮೇತ ಸುದ್ದಿ ಬೀಳುವವನು ವೃತ್ತಿ ಬಚ್ಚಿಡುವುದಾದರೂ ಹೇಗೆ? ಅಮೆರಿಕದ ಡಿಎಸ್-160 ಅರ್ಜಿಯಲ್ಲಿ ಹಿಂದಿನ 5 ವರ್ಷ ಬಳಸಿದ ಸಾಮಾಜಿಕ ಜಾಲತಾಣಗಳ ಖಾತೆ ಹೆಸರುಗಳನ್ನೇ ಕೇಳುತ್ತಾರೆ.

ಎಲ್ಲ ದೇಶಗಳಿಗೂ ಒಂದೇ ನಿಯಮವಿಲ್ಲ, ಗೊಂದಲ ಹುಟ್ಟುವುದೂ ಅಲ್ಲಿಯೇ.

ಅಮೆರಿಕಕ್ಕೆ ವರದಿಗೆ ಹೋಗುವವರಿಗೆ ಐ ವೀಸಾ ಎಂಬ ಪ್ರತ್ಯೇಕ ವರ್ಗವಿದೆ. ಕೈಯಲ್ಲಿ ವ್ಯವಹಾರ, ಪ್ರವಾಸಕ್ಕೆಂದು ಕೊಡುವ 10 ವರ್ಷದ ಬಿ1/ಬಿ2 ವೀಸಾ ಇದ್ದರೂ ಅದರ ಮೇಲೆ ವರದಿ ಮಾಡುವಂತಿಲ್ಲ. ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋಗಲು, ಭಾಷಣ ಮಾಡಲು, ಕ್ಯಾಮೆರಾ ಕೊಳ್ಳಲು ಬಿ ವೀಸಾ ಸಾಕು. ಅದೇ ಸಮ್ಮೇಳನದ ಸುದ್ದಿ ಬರೆದು ಕಳಿಸುವುದಾದರೆ ಐ ವೀಸಾ ಬೇಕು. ಐ ವೀಸಾ ಸಂಬಳದ ಪತ್ರಕರ್ತರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಸ್ವತಂತ್ರ ಪತ್ರಕರ್ತರೂ ಅರ್ಜಿ ಹಾಕಬಹುದು, ಆದರೆ ಮಾಧ್ಯಮ ಸಂಸ್ಥೆಯೊಂದರ ಜತೆ ಲಿಖಿತ ಕರಾರು ಇರಲೇಬೇಕು. ಈ ಕರಾರಿನ ವಿಷಯಕ್ಕೆ ಮುಂದೆ ಬರುತ್ತೇವೆ, ಪತ್ರದ ಜೀವಾಳ ಅದೇ. ಐ ವೀಸಾದವರು ಕೆಲಸ ನಡೆಯುವಷ್ಟು ಕಾಲ ಉಳಿಯಬಹುದು ಎಂಬ ಪದ್ಧತಿಯನ್ನು ಬದಲಿಸಿ 240 ದಿನಗಳ ಮಿತಿ ತರುವ ಪ್ರಸ್ತಾವವನ್ನು ಅಲ್ಲಿನ ಸರ್ಕಾರ 2025ರ ಆಗಸ್ಟ್‌ನಲ್ಲಿ ಹೊರಡಿಸಿತು. ಎರಡು ವಾರಕ್ಕೆ ಹೋಗುವ ನಮ್ಮವರಿಗೆ ಅದರ ಬಿಸಿ ಅಷ್ಟಾಗಿ ತಟ್ಟದು.

ಕರ್ನಾಟಕವು ಅಮೆರಿಕದ ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೆ ಸೇರಿದ್ದರೂ ಸಂದರ್ಶನವನ್ನು ಭಾರತದ ಬೇರೆ ಕೇಂದ್ರಗಳಲ್ಲೂ ಕಾಯ್ದಿರಿಸಬಹುದು. ರಾಯಚೂರು, ಸಿಂಧನೂರಿನವರು ಹೈದರಾಬಾದ್ ಆರಿಸಿಕೊಂಡರೆ ದಾರಿ ಎಷ್ಟೋ ಹತ್ತಿರ. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಾದರೂ ವೀಸಾ ಕೆಲಸ ಅದರೊಂದಿಗೇ ಶುರುವಾಗಲಿಲ್ಲ. ಆ ಸುದ್ದಿ ನಂಬಿ ಬೆಂಗಳೂರಿಗೆ ಟಿಕೆಟ್ ಮಾಡಿಸಬೇಡಿ. ಬೆರಳಚ್ಚು ಮತ್ತು ಭಾವಚಿತ್ರಕ್ಕೆ ಒಂದು ಭೇಟಿ, ಸಂದರ್ಶನಕ್ಕೆ ಇನ್ನೊಂದು ಭೇಟಿ, ಹೀಗೆ ಎರಡು ಭೇಟಿಗೆ ಹೊಂದಿಸಿಕೊಂಡು ಹೋಗಬೇಕು. ಡಿಎಸ್-160 ಅರ್ಜಿಯನ್ನು ತಿದ್ದಿ ಹೊಸದಾಗಿ ತುಂಬಿದರೆ ಬಾರ್‌ಕೋಡ್ ಸಂಖ್ಯೆ ಬದಲಾಗುತ್ತದೆ. ಅಪಾಯಿಂಟ್‌ಮೆಂಟಿನಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ಬಾಗಿಲಿನಿಂದಲೇ ವಾಪಸು ಕಳಿಸುತ್ತಾರೆ.

ಬ್ರಿಟನ್ನಿನ ಲೆಕ್ಕವೇ ಬೇರೆ. ಹೊರದೇಶದ ಪತ್ರಿಕೆಗಾಗಿ ಮಾಹಿತಿ ಸಂಗ್ರಹಿಸಲು ಬರುವ ವರದಿಗಾರ, ನಿರ್ಮಾಪಕ, ಕ್ಯಾಮೆರಾದವರು ಮಾಮೂಲಿ ಸ್ಟ್ಯಾಂಡರ್ಡ್ ವಿಸಿಟರ್ ವೀಸಾದಲ್ಲೇ ಹೋಗಬಹುದು. ಸಂಬಳ ಮಾತ್ರ ಭಾರತದಿಂದಲೇ ಬರುತ್ತಿರಬೇಕು, ಅಲ್ಲಿನ ಸಂಸ್ಥೆಗೆ ಕೆಲಸ ಮಾಡುವಂತಿಲ್ಲ. ವಿಸಿಟರ್ ವೀಸಾ ಎಂದಮೇಲೆ ಪ್ರವಾಸ ಎಂದೇ ಬರೆದುಬಿಡೋಣ ಎನ್ನುವವರು ಇಲ್ಲಿ ಎಡವುತ್ತಾರೆ. ವೀಸಾದ ಹೆಸರು ಅದೇ ಆದರೂ ಉದ್ದೇಶದ ಅಂಕಣದಲ್ಲಿ ವರದಿಗಾರಿಕೆ ಎಂದು ಬರೆದು, ಸಂಪಾದಕರ ಪತ್ರ ಲಗತ್ತಿಸಬೇಕು.

ಷೆಂಗೆನ್ ದೇಶಗಳಿಗೆ 180 ದಿನಗಳಲ್ಲಿ 90 ದಿನ ಮೀರದ ಸಿ ವೀಸಾ. ಅತಿ ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ 6 ತಿಂಗಳಿಗಿಂತ ಮುಂಚೆ ತೆಗೆದುಕೊಳ್ಳುವುದಿಲ್ಲ, 15 ದಿನಕ್ಕಿಂತ ಕಡಿಮೆ ಉಳಿದಿದ್ದರೂ ತೆಗೆದುಕೊಳ್ಳುವುದಿಲ್ಲ. ತೀರ್ಮಾನಕ್ಕೆ 15 ದಿನ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟು ಹಿಂದಿನ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸು ಹೊರಡುವ ದಿನದಿಂದ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟ ಖಾಲಿ ಇರಬೇಕು. ಪತ್ರಕರ್ತರಿಗೆ ಕೆಲಸದ ಪರವಾನಗಿ ಬೇಕೋ ಬೇಡವೋ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಜರ್ಮನಿಯಲ್ಲಿ, ಹೊರದೇಶದ ಸಂಸ್ಥೆಯವರು 12 ತಿಂಗಳಲ್ಲಿ 90 ದಿನದೊಳಗೆ ಮುಗಿಸುವ ವರದಿಗಾರಿಕೆಗೆ ಪ್ರತ್ಯೇಕ ಒಪ್ಪಿಗೆ ಬೇಡ. ಇದನ್ನೇ ಎಲ್ಲ ದೇಶಕ್ಕೂ ಹಚ್ಚಬಾರದು.

ಚೀನಾಕ್ಕೆ ಜೆ1, ಜೆ2 ಎಂಬ ಎರಡು ವರ್ಗ. ನೆಲೆ ನಿಲ್ಲುವ ವರದಿಗಾರರಿಗೆ ಜೆ1, 180 ದಿನದೊಳಗಿನ ಕೆಲಸಕ್ಕೆ ಜೆ2. ಅಲ್ಲಿನ ವಿದೇಶಾಂಗ ಸಚಿವಾಲಯದ ಮಾಹಿತಿ ವಿಭಾಗದಿಂದ ಒಪ್ಪಿಗೆ ಪತ್ರ ಬಾರದೆ ಅರ್ಜಿ ಮುಂದೆ ಸಾಗದು. 2023ರಲ್ಲಿ ಭಾರತ, ಚೀನಾ ಪರಸ್ಪರರ ಪತ್ರಕರ್ತರ ವೀಸಾ ನವೀಕರಿಸದೆ ಕೂತವು. ಪಾಕಿಸ್ತಾನವಂತೂ 2014ರ ಮೇನಲ್ಲಿ ಅಲ್ಲಿದ್ದ ಇಬ್ಬರು ಭಾರತೀಯ ವರದಿಗಾರರನ್ನು ಹೊರಡಲು ಹೇಳಿತ್ತು. ಇಂಥ ಕಡೆ ಎಷ್ಟೇ ಕಾಗದ ಸರಿಯಿದ್ದರೂ ರಾಜಕೀಯ ಸರಿಯಿಲ್ಲದಿದ್ದರೆ ವೀಸಾ ಇಲ್ಲ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ.

ಹೆಚ್ಚು ಜನ ಮೋಸಹೋಗುವುದು ವೀಸಾ ಬೇಡದ ದೇಶಗಳಲ್ಲಿ. ಥಾಯ್ಲೆಂಡ್ 2024ರಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟಾಗಲೂ ಮಾಧ್ಯಮದವರಿಗೆ ಎಂ ಎಂಬ ಬೇರೆ ವೀಸಾ ಇಟ್ಟಿತ್ತು. ಕೊಲ್ಲಿ ದೇಶಗಳಲ್ಲಿ ಕಾರ್ಮಿಕರ ಕ್ಯಾಂಪಿನ ಮುಂದೆ ಕ್ಯಾಮೆರಾ ತೆಗೆದವರ ಗತಿ ಏನಾಗುತ್ತದೆ ಎಂಬುದಕ್ಕೆ 2015ರ ಕತಾರ್ ಪ್ರಸಂಗ ನೆನೆಯಬೇಕು. ಅಲ್ಲಿನ ಸರ್ಕಾರವೇ ಕರೆದಿದ್ದ ಬಿಬಿಸಿ ತಂಡ ವಲಸೆ ಕಾರ್ಮಿಕರ ವಸತಿ ನೋಡಲು ತಾನಾಗಿ ಹೊರಟಾಗ ಪೊಲೀಸರು ಹಿಡಿದು ಕೂಡಿಹಾಕಿದರು. ಆ ತಂಡದ ಬೆನ್ನಿಗೆ ಬಿಬಿಸಿ ನಿಂತಿತು. ಲಿಂಗಸುಗೂರಿನ ಬಿಡಿ ವರದಿಗಾರನ (ಸಂಬಳದ ನೌಕರನಲ್ಲದ ಸ್ಟ್ರಿಂಗರ್‌ನ) ಬೆನ್ನಿಗೆ ಲೆಟರ್‌ಹೆಡ್ಡಿನ ಒಂದು ಹಾಳೆಯಾದರೂ ಇರಬೇಡವೇ?

ಇನ್ನು ಆ ಹಾಳೆಯ ವಿಷಯ.

ಮಾಲೀಕರೇ, ನಿಮ್ಮ ಕಚೇರಿಗಳಿಂದ ಬರುವ ಪತ್ರಗಳು ಬಹುಪಾಲು ಒಂದೇ ಅಚ್ಚಿನವು: ಸಂಬಂಧಪಟ್ಟವರಿಗೆ, ಇವರು ನಮ್ಮ ತಾಲ್ಲೂಕು ವರದಿಗಾರರು, ವಿವಿಧ ಕಾರ್ಯಕ್ರಮಗಳ ವರದಿಗೆ ತೆರಳುತ್ತಿದ್ದಾರೆ, ಸಹಕರಿಸಬೇಕಾಗಿ ವಿನಂತಿ, ಕೆಳಗೊಂದು ಗೋಲು ಸೀಲು. ತಹಶೀಲ್ದಾರ್ ಕಚೇರಿಯಲ್ಲಿ ಈ ಪತ್ರ ನಡೆದೀತು, ದೂತಾವಾಸದಲ್ಲಿ ನಡೆಯದು. ಯಾವ ಊರು, ಯಾವ ತಾರೀಕು, ಯಾವ ವಿಷಯ, ಯಾರ ಖರ್ಚು ಎಂಬ ನಾಲ್ಕರಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿಲ್ಲ.

ಬೇಕಾದ ಪತ್ರ ಇಂಗ್ಲಿಷಿನಲ್ಲಿ, ಲೆಟರ್‌ಹೆಡ್ಡಿನ ಮೇಲೆ, ಒಂದೇ ಪುಟದಲ್ಲಿ ಮುಗಿಯುತ್ತದೆ. ಮೇಲೆ ಉಲ್ಲೇಖ ಸಂಖ್ಯೆ, ದಿನಾಂಕ, ಆ ದೇಶದ ವೀಸಾ ಅಧಿಕಾರಿಗೆ ಎಂಬ ಸಂಬೋಧನೆ. ವರದಿಗಾರರ ಹೆಸರು ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳಲ್ಲೇ, ಪಕ್ಕದಲ್ಲಿ ಪಾಸ್‌ಪೋರ್ಟ್ ಸಂಖ್ಯೆ. ಯಾವ ವರ್ಷದಿಂದ, ಯಾವ ಹುದ್ದೆಯಲ್ಲಿ, ಎಷ್ಟು ಸಂಭಾವನೆಗೆ ಕೆಲಸ ಮಾಡುತ್ತಿದ್ದಾರೆ ಎಂಬ ಒಂದು ವಾಕ್ಯ. ವರದಿಯ ವಿಷಯ ಎರಡು ಸಾಲಿನಲ್ಲಿ, ಆದರೆ ಖಚಿತವಾಗಿ: "ಕೃಷಿ ವರದಿಗಾಗಿ" ಎಂದರೆ ಏನೂ ಹೇಳಿದಂತಾಗಲಿಲ್ಲ, "ಭಾರತದ ರಫ್ತು ನಿಷೇಧದ ನಂತರ ಅಕ್ಕಿ ಆಮದಿನ ಸ್ಥಿತಿ ಕುರಿತು ನಾಲ್ಕು ಕಂತಿನ ಲೇಖನಮಾಲೆ" ಎಂದರೆ ಹೇಳಿದಂತಾಯಿತು. ಹೋಗುವ ಊರುಗಳು, ಹೊರಡುವ ಮತ್ತು ಮರಳುವ ದಿನಾಂಕ. ಪ್ರಯಾಣ, ವಸತಿ, ಊಟದ ವೆಚ್ಚ ಯಾರದು. ವರದಿ ಭಾರತದಲ್ಲಿ, ಕನ್ನಡದಲ್ಲಿ ಪ್ರಕಟವಾಗುತ್ತದೆ, ಆ ದೇಶದ ಯಾವ ಸಂಸ್ಥೆಯಿಂದಲೂ ಇವರು ಹಣ ಪಡೆಯುವುದಿಲ್ಲ ಎಂಬ ಸ್ಪಷ್ಟ ಮಾತು. ಜತೆಯಲ್ಲಿ ಒಯ್ಯುವ ಕ್ಯಾಮೆರಾ, ಮೈಕು, ಲ್ಯಾಪ್‌ಟಾಪ್. ಕೊನೆಗೆ ರುಜು ಹಾಕಿದವರ ಪೂರ್ಣ ಹೆಸರು, ಹುದ್ದೆ, ನೇರ ದೂರವಾಣಿ ಸಂಖ್ಯೆ, ಸಂಸ್ಥೆಯದೇ ಡೊಮೇನಿನ ಇಮೇಲ್. ಜಿಮೇಲ್ ವಿಳಾಸ ಕೊಟ್ಟ ಪತ್ರವನ್ನು ಅಧಿಕಾರಿ ಎರಡು ಸಲ ನೋಡುತ್ತಾನೆ, ಎರಡನೇ ಸಲ ನೋಡುವುದು ಅನುಮಾನದಿಂದ.

ಸಂಬಳದ ನೌಕರರಾದರೆ ಈ ಪತ್ರ ಸಾಕು. ಬಿಡಿ ವರದಿಗಾರರಿಗೆ ಪತ್ರದ ಜತೆ ಕರಾರು ಬೇಕು. ಅದರಲ್ಲಿ ಎಷ್ಟು ವರದಿ, ಯಾವ ದರ, ಯಾವ ಅವಧಿ, ಹಕ್ಕು ಯಾರದು ಎಂದಿರಲಿ, ಎರಡೂ ಕಡೆಯ ರುಜು ಇರಲಿ. ಅವಧಿಯು ಪ್ರಯಾಣಕ್ಕೆ ಮುಂಚೆಯೇ ಶುರುವಾಗಿ, ಮರಳಿದ ಮೇಲೂ ಕೆಲವು ತಿಂಗಳು ಮುಂದುವರಿಯಲಿ. ಊರಿಗೆ ಮರಳಿ ಬರಲು ಕಾರಣವಿದೆ ಎಂಬುದಕ್ಕೆ ಅಧಿಕಾರಿಗೆ ಸಿಗುವ ಗಟ್ಟಿ ಸಾಕ್ಷಿ ಅದೇ. ಅಮೆರಿಕದ ಕಾನೂನಿನ 214ಬಿ ಕಲಮಿನಡಿ ತಿರಸ್ಕೃತವಾಗುವ ಅರ್ಜಿಗಳಲ್ಲಿ ಆ ಸಾಕ್ಷಿಯ ಕೊರತೆಯೇ ಸಾಮಾನ್ಯ ಕಾರಣ. ಹಿಂದಿನ ತಾರೀಕು ಹಾಕಿ ಕರಾರು ಸೃಷ್ಟಿಸಬೇಡಿ. ಅರ್ಜಿಯ ವಾರದಲ್ಲೇ ಮಾಡಿದ ಪ್ರಾಮಾಣಿಕ ಕರಾರು, ಸುಳ್ಳು ತಾರೀಕಿನ ಹಳೆಯ ಕರಾರಿಗಿಂತ ಎಷ್ಟೋ ವಾಸಿ.

ನೀವು ಈ ಪತ್ರ ಕೊಡಲು ಹಿಂದೇಟು ಹಾಕುವುದು ಯಾಕೆಂದು ನಮಗೆ ಗೊತ್ತಿದೆ. ಇವತ್ತು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೆ ನಾಳೆ ಅದನ್ನೇ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿ ಪಿಎಫ್, ಗ್ರಾಚ್ಯುಟಿ ಕೇಳಿಯಾರು ಎಂಬ ಹೆದರಿಕೆ. ಆ ಹೆದರಿಕೆಯ ಹಿಂದಿರುವ ಅನ್ಯಾಯದ ಬಗ್ಗೆ ಬೇರೊಂದು ಪತ್ರವನ್ನೇ ಬರೆಯಬಹುದು. ಇಲ್ಲಿಗೆ ಇಷ್ಟು ಸಾಕು: ಒಂದು ನಿಯೋಜನೆಗೆ ಸೀಮಿತವಾದ ಕರಾರಿನಲ್ಲಿ ಇರುವ ಸಂಬಂಧವನ್ನು ಇದ್ದಂತೆ ಬರೆಯುವುದರಿಂದ ನಿಮಗೂ ಸ್ಪಷ್ಟತೆ ಸಿಗುತ್ತದೆ. ಏನನ್ನೂ ಬರೆಯದೆ ವರ್ಷಗಟ್ಟಲೆ ದುಡಿಸಿಕೊಳ್ಳುವುದೇ ಹೆಚ್ಚು ಅಪಾಯ.

ಪತ್ರ ಸರಿಯಿದ್ದೂ ಅರ್ಜಿ ಬೀಳುವ ಇನ್ನೊಂದು ಜಾಗ ಫೋನು. ದೂತಾವಾಸದಿಂದ ಪತ್ರಿಕೆಯ ಕೇಂದ್ರ ಕಚೇರಿಗೆ ಕರೆ ಬರುತ್ತದೆ, ಯಾರೋ ಎತ್ತಿ, "ಅವರು ನಮ್ಮ ಸ್ಟಾಫ್ ಅಲ್ಲ, ಸ್ಟ್ರಿಂಗರ್" ಎಂದು ಇಟ್ಟುಬಿಡುತ್ತಾರೆ. ಹೇಳಿದ್ದು ನಿಜವೇ. ಆದರೆ ಪತ್ರದಲ್ಲಿ "ನಮ್ಮ ವರದಿಗಾರರು" ಎಂದಿದ್ದು ಫೋನಿನಲ್ಲಿ "ನಮ್ಮವರಲ್ಲ" ಎಂದಾಗ ಪತ್ರವೇ ಖೋಟಾ ಎಂದು ಅಧಿಕಾರಿ ಬರೆದುಕೊಂಡರೆ ಆಶ್ಚರ್ಯವಿಲ್ಲ. ಪತ್ರದಲ್ಲಿ ಸ್ಟ್ರಿಂಗರ್ ಎಂದೇ ಬರೆಯಿರಿ, ಅದರಲ್ಲಿ ಕೀಳರಿಮೆಯೇನೂ ಇಲ್ಲ. ಪತ್ರದ ಪ್ರತಿಯನ್ನು ಸ್ವಾಗತ ಕೌಂಟರಿಗೂ ಮಾನವ ಸಂಪನ್ಮೂಲ ವಿಭಾಗಕ್ಕೂ ಕೊಡಿ.

ಬೈಲೈನಿನ ಪಾಡೂ ಹೇಳಬೇಕು. ನಮ್ಮ ಜಿಲ್ಲೆಗಳ ವರದಿಗಾರ ವರ್ಷಕ್ಕೆ ನೂರಾರು ಸುದ್ದಿ ಕಳಿಸುತ್ತಾನೆ, ಬಹುತೇಕ "ಪತ್ರಿಕೆಯ ವಾರ್ತೆ" ಎಂಬ ತಲೆಬರಹದಡಿ ಅನಾಮಧೇಯವಾಗಿ ಅಚ್ಚಾಗುತ್ತವೆ. ಕೆಲವರು ಕಾವ್ಯನಾಮದಲ್ಲೋ ಊರಿನ ಹೆಸರು ಹಚ್ಚಿಕೊಂಡೋ ಬರೆಯುತ್ತಾರೆ, ಅದು ಪಾಸ್‌ಪೋರ್ಟಿಗೆ ತಾಳೆಯಾಗದು. ಸಂಪಾದಕರು ಆರು ತಿಂಗಳಿಗೊಮ್ಮೆ, ಇಂಥಿಂಥ ದಿನಾಂಕದ, ಇಂಥ ಪುಟದ ವರದಿಗಳು ಇವರವು ಎಂದು ಒಂದು ಪಟ್ಟಿ ರುಜು ಮಾಡಿಕೊಟ್ಟರೆ ಈ ಸಮಸ್ಯೆ ನೀಗುತ್ತದೆ. ಅರ್ಜಿಗೆ ಇಡೀ ಫೈಲು ಬೇಡ, ಹಿಂದಿನ ಒಂದು ವರ್ಷದ ಐದಾರು ಒಳ್ಳೆಯ ವರದಿ ಸಾಕು. ಪ್ರತಿಯೊಂದರ ಹಿಂದೆ ದಿನಾಂಕ, ಪುಟ ಸಂಖ್ಯೆ, ಶೀರ್ಷಿಕೆಯ ಇಂಗ್ಲಿಷ್ ಅನುವಾದ, ನಾಲ್ಕು ಸಾಲಿನ ಸಾರಾಂಶ. ಪುಟದ ಕತ್ತರಿಸಿದ ತುಂಡಿಗಿಂತ ಪತ್ರಿಕೆಯ ಹೆಸರು, ತಾರೀಕು ಕಾಣುವಂತೆ ಪೂರ್ತಿ ಪುಟದ ನಕಲು ಮೇಲು. ಪತ್ರಿಕೆಯ ನೋಂದಣಿ ಪ್ರಮಾಣಪತ್ರದ ಪ್ರತಿಯನ್ನೂ ಜತೆಗಿಡಿ. 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದು ಪತ್ರಿಕೆಗಳನ್ನು ನೋಂದಾಯಿಸುತ್ತಿದ್ದ ಆರ್‌ಎನ್‌ಐ ಕಚೇರಿಯ ಜಾಗದಲ್ಲಿ ಭಾರತದ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಕಚೇರಿ ಬಂದಿದೆ, ಹಳೆಯ ಸಂಖ್ಯೆಯಿರುವವರು ಎರಡನ್ನೂ ನಮೂದಿಸಿದರೆ ಹುಡುಕುವವರಿಗೆ ಸುಲಭ. ಸ್ವಂತ ಯೂಟ್ಯೂಬ್ ಚಾನೆಲ್ ಮಾತ್ರ ನಡೆಸುವವರ ದಾರಿ ಇನ್ನೂ ಕಷ್ಟದ್ದು. ತನಗೆ ತಾನೇ ನಿಯೋಜನೆ ಪತ್ರ ಬರೆದುಕೊಂಡರೆ ಅದಕ್ಕೆ ತೂಕವಿಲ್ಲ, ನೋಂದಾಯಿತ ಪತ್ರಿಕೆ ಅಥವಾ ವಾಹಿನಿಯೊಂದರ ಕರಾರು ಹಿಡಿದು ಹೋಗುವುದೇ ಲೇಸು.

ಹಣದ ಕಾಗದಕ್ಕೆ ಬರೋಣ. ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಸಂಗತಿಯೆಂದರೆ, ತಾಲ್ಲೂಕು ವರದಿಗಾರನ ಗೌರವಧನ ಅಲ್ಪ, ಮನೆ ನಡೆಯುವುದು ಜಾಹೀರಾತು ಕಮಿಷನ್ನಿನಿಂದ. ನೀವು ಆ ಹಣ ಕೊಡುವಾಗ 1961ರ ಆದಾಯ ತೆರಿಗೆ ಕಾಯ್ದೆಯ 194ಎಚ್ ಅಡಿ, ಅಂದರೆ ಕಮಿಷನ್ ಎಂದು ತೆರಿಗೆ ಮುರಿದಿದ್ದೀರಿ. 26ಎಎಸ್ ಎಂಬ ತೆರಿಗೆ ಕಡಿತದ ವಿವರಪಟ್ಟಿ ತೆರೆದು ನೋಡಿದ ಅಧಿಕಾರಿಗೆ ಈ ಮನುಷ್ಯ ಜಾಹೀರಾತು ಏಜೆಂಟನಾಗಿ ಕಾಣುತ್ತಾನೆ, ಪತ್ರಕರ್ತನಾಗಿ ಕಾಣುವುದಿಲ್ಲ. ಬರವಣಿಗೆಗೆ ಕೊಡುವ ಹಣ ಎಷ್ಟೇ ಕಡಿಮೆಯಿರಲಿ, ಅದನ್ನು ಕಮಿಷನ್ನಿಗೆ ಬೆರೆಸದೆ, ಬೇರೆಯಾಗಿ, ವೃತ್ತಿ ಶುಲ್ಕವೆಂದೇ ಬ್ಯಾಂಕಿಗೆ ಹಾಕಿ. ವೋಚರಿನ ಮೇಲೆ ಸಹಿ ಮಾಡಿಸಿಕೊಂಡು ಕೈಯಲ್ಲಿ ಕೊಟ್ಟ ನಗದು ವೀಸಾ ಲೆಕ್ಕದಲ್ಲಿ ಇಲ್ಲದ ಹಣ. ಬ್ರಿಟನ್ನಿಗೆ 6 ತಿಂಗಳ, ಷೆಂಗೆನ್ನಿಗೆ ಸಾಮಾನ್ಯವಾಗಿ 3 ತಿಂಗಳ ಬ್ಯಾಂಕ್ ವಿವರ ತಯಾರಿಟ್ಟುಕೊಳ್ಳಬೇಕು, ಜತೆಗೆ ಎರಡು ಮೂರು ವರ್ಷದ ತೆರಿಗೆ ರಿಟರ್ನ್. ಅರ್ಜಿಗೆ ವಾರವಿರುವಾಗ ಮಾವನ ಮನೆಯಿಂದ ತಂದು ಖಾತೆಗೆ ತುಂಬಿದ ಮೂರು ಲಕ್ಷ ಎದ್ದು ಕಾಣುತ್ತದೆ. ಭತ್ತ, ಹತ್ತಿ ಮಾರಿದ ಹಣವೇ ಆಗಿದ್ದರೆ ಎಪಿಎಂಸಿ ರಸೀದಿ, ಪಹಣಿಯ ಪ್ರತಿ ಜತೆಗಿರಲಿ. ಖರ್ಚು ಪತ್ರಿಕೆಯದೇ ಆದರೆ ಪತ್ರಿಕೆಯ ಬ್ಯಾಂಕ್ ವಿವರವನ್ನೂ ಕೊಡಬೇಕಾಗುತ್ತದೆ, ಈ ಮಾತು ಬಂದ ಕೂಡಲೇ ಲೆಕ್ಕಪತ್ರ ವಿಭಾಗ ಮುಖ ತಿರುಗಿಸುತ್ತದೆ ಎಂಬುದೂ ಗೊತ್ತು. ಲೆಕ್ಕಪರಿಶೋಧಕರ ಒಂದು ಪ್ರಮಾಣಪತ್ರವನ್ನಾದರೂ ಕೊಡಿಸಿ.

ಹೆಸರಿನ ತೊಡಕು ನಮ್ಮ ಸೀಮೆಗೆ ಸ್ವಲ್ಪ ಹೆಚ್ಚು. ಅಡ್ಡಹೆಸರಿಲ್ಲದೆ ಬರೀ ಪಂಪಾಪತಿ, ಬರೀ ಹುಲಿಗೆಮ್ಮ ಎಂದು ಪಾಸ್‌ಪೋರ್ಟ್ ಮಾಡಿಸಿದವರು ಬೇಕಾದಷ್ಟು. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾದ ಮೇಲೆ ಪ್ರವೇಶ ಕೊಡುವುದಿಲ್ಲ ಎಂದಿದೆ. ಅಮೆರಿಕದ ಅರ್ಜಿಯಲ್ಲಿ ಇರುವ ಒಂದೇ ಹೆಸರನ್ನು ಅಡ್ಡಹೆಸರಿನ ಜಾಗದಲ್ಲಿ ಹಾಕಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ತುಂಬಬೇಕು. ಮೊದಲೇ ತಿದ್ದಿಸಿಕೊಂಡರೆ ಈ ರಗಳೆ ಇರದು: 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ, 60 ಪುಟದ್ದಕ್ಕೆ 2,000, ತತ್ಕಾಲ್ ಬೇಕಾದರೆ ಇನ್ನೂ 2,000. ಓಡಾಡುವ ವರದಿಗಾರರು 60 ಪುಟದ್ದನ್ನೇ ಮಾಡಿಸಿಕೊಳ್ಳಲಿ. ಜನ್ಮಸ್ಥಳದ ಸಂಗತಿಯೂ ಇಲ್ಲೇ ಬರುತ್ತದೆ. ಕೊಪ್ಪಳ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ, ಹೊಸಪೇಟೆ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಹೋದದ್ದು 2021ರಲ್ಲಿ, ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರಲ್ಲಿ. ಗಂಗಾವತಿಯಲ್ಲಿ 1985ರಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ರಾಯಚೂರು ಜಿಲ್ಲೆ, ಆಧಾರ್‌ನಲ್ಲಿ ಕೊಪ್ಪಳ. ವೀಸಾ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದನ್ನೇ, ಅದೇ ಕಾಗುಣಿತದಲ್ಲಿ ಬರೆಯಬೇಕು. ಈಗಿನ ಹೆಸರು ಸರಿಯೆಂದು ತಿದ್ದಲು ಹೋಗಬಾರದು.

ಶುಲ್ಕವನ್ನೂ ಒಮ್ಮೆ ಹೇಳಿಬಿಡುತ್ತೇವೆ, 2025ರಲ್ಲಿದ್ದಂತೆ: ಅಮೆರಿಕದ ಐ ವೀಸಾ ಅರ್ಜಿಗೆ 185 ಡಾಲರ್, ಬ್ರಿಟನ್ನಿನ 6 ತಿಂಗಳ ವಿಸಿಟರ್‌ಗೆ 127 ಪೌಂಡ್, ಷೆಂಗೆನ್‌ಗೆ 90 ಯೂರೊ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕಟ್ಟುವ ಮುಂಚೆ ದೂತಾವಾಸದ ಜಾಲತಾಣದಲ್ಲಿ ಮತ್ತೆ ನೋಡಿಕೊಳ್ಳಬೇಕು. ನಿರಾಕರಿಸಿದರೆ ಒಂದು ಪೈಸೆಯೂ ವಾಪಸಿಲ್ಲ. ತಿಂಗಳಿಗೆ ಕೆಲವೇ ಸಾವಿರ ಕಾಣುವ ಮನುಷ್ಯನಿಗೆ ಸರಿಯಿಲ್ಲದ ಒಂದು ಪತ್ರದ ಬೆಲೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಸಮ್ಮೇಳನ, ಕ್ರೀಡಾಕೂಟಗಳ ಮಾಧ್ಯಮ ಮಾನ್ಯತೆ ಸಿಕ್ಕರೆ ವೀಸಾ ಸಿಕ್ಕಂತೆ ಎಂದು ತಿಳಿಯಬಾರದು. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಮಾನ್ಯತೆ ಒಂದು ಕಡೆ, ಆ ದೇಶದ ವೀಸಾ ಇನ್ನೊಂದು ಕಡೆ, ಮಾನ್ಯತೆಗೂ ಮೇಲೆ ಹೇಳಿದ ನಿಯೋಜನೆ ಪತ್ರವೇ ಬೇಕು. ಒಲಿಂಪಿಕ್ಸ್‌ನ ಗುರುತು ಮತ್ತು ಮಾನ್ಯತಾ ಕಾರ್ಡು ಇದಕ್ಕೊಂದು ಅಪವಾದ, ಪಾಸ್‌ಪೋರ್ಟಿನ ಜತೆ ಅದೇ ಪ್ರವೇಶಪತ್ರವಾಗುತ್ತದೆ.

ಸಲಕರಣೆಯ ಬಗ್ಗೆ ಚುಟುಕಾಗಿ. ದುಬಾರಿ ಕ್ಯಾಮೆರಾ ಒಯ್ಯುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸೀರಿಯಲ್ ಸಂಖ್ಯೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆದರೆ ಮರಳುವಾಗ ಸುಂಕದ ಜಗಳವಿಲ್ಲ. ಲಗೇಜು ಒಳಗೆ ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ದೊಡ್ಡ ಟಿವಿ ತಂಡಗಳಿಗೆ ಸಲಕರಣೆಯನ್ನು ಸುಂಕವಿಲ್ಲದೆ ಒಯ್ದು ತರಲು ಎಟಿಎ ಕಾರ್ನೆಟ್ ಎಂಬ ದಾಖಲೆಯಿದೆ, ಭಾರತದಲ್ಲಿ ವಾಣಿಜ್ಯೋದ್ಯಮಗಳ ಒಕ್ಕೂಟವಾದ ಫಿಕ್ಕಿ ಕೊಡುತ್ತದೆ, ಹೆಚ್ಚೆಂದರೆ ಒಂದು ವರ್ಷ ಚಾಲ್ತಿ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು: 100 ವ್ಯಾಟ್-ಅವರ್‌ವರೆಗೆ ತೊಂದರೆಯಿಲ್ಲ, 100ರಿಂದ 160ರವರೆಗಿನವು ವಿಮಾನ ಸಂಸ್ಥೆಯ ಒಪ್ಪಿಗೆಯೊಂದಿಗೆ ಎರಡು. ಸ್ಯಾಟಲೈಟ್ ಫೋನನ್ನು ಅಲ್ಲಿ ಕೊಂಡು ತರುವ ಉತ್ಸಾಹ ಬೇಡ, ದೂರಸಂಪರ್ಕ ಇಲಾಖೆಯ ಪರವಾನಗಿಯಿಲ್ಲದೆ ಅದನ್ನು ಇಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಗಡಿಯಲ್ಲಿ ಫೋನು ತೆರೆದು ನೋಡುವ ಅಧಿಕಾರ ಅಮೆರಿಕದ ಅಧಿಕಾರಿಗಳಿಗಿದೆ, ಸುದ್ದಿಮೂಲಗಳ ಹೆಸರು, ಸಂಖ್ಯೆ ಇರುವ ಫೋನನ್ನು ಊರಲ್ಲೇ ಬಿಟ್ಟುಹೋಗುವುದು ಮೂಲದವರಿಗೆ ಮಾಡುವ ಉಪಕಾರ.

ಈಗ ವಾರ್ತಾ ಇಲಾಖೆಗೆ ನಮ್ಮ ಕೋರಿಕೆ. ಇಲಾಖೆಯ ಮಾನ್ಯತಾ ಕಾರ್ಡು ಇರುವವರಿಗೆ ಅರ್ಧ ದಾರಿ ಸವೆದಂತೆ. ತಾಲ್ಲೂಕು, ಹೋಬಳಿ ಮಟ್ಟದ ಹೆಚ್ಚಿನವರಿಗೆ ಅದಿಲ್ಲ, ಎಲ್ಲರಿಗೂ ಕೊಡಿ ಎಂದು ನಾವು ಕೇಳುತ್ತಲೂ ಇಲ್ಲ. ಕೇಳುವುದು ಅದಕ್ಕಿಂತ ಚಿಕ್ಕದು: ಜಿಲ್ಲಾ ವಾರ್ತಾಧಿಕಾರಿಯ ರುಜುವಿನಲ್ಲಿ ಇಂಗ್ಲಿಷಿನ ಒಂದು ವೃತ್ತಿ ದೃಢೀಕರಣ ಪತ್ರ. ಸಂಪಾದಕರ ಪತ್ರ, ಒಂದು ವರ್ಷದ ವರದಿಗಳ ಪಟ್ಟಿ, ಸಂಭಾವನೆ ಬಂದ ಬ್ಯಾಂಕ್ ವಿವರ, ಈ ಮೂರನ್ನು ತಾಳೆ ನೋಡಿ, ಇವರು ಈ ಜಿಲ್ಲೆಯಲ್ಲಿ ಇಂಥ ಪತ್ರಿಕೆಗೆ ಇಷ್ಟು ಕಾಲದಿಂದ ವರದಿ ಮಾಡುತ್ತಿದ್ದಾರೆ ಎಂದಷ್ಟೇ ಬರೆದರೆ ಸಾಕು. ನಡತೆಗೆ, ಮರಳಿ ಬರುವುದಕ್ಕೆ ಇಲಾಖೆ ಜವಾಬ್ದಾರಿ ಹೊರಬೇಕಿಲ್ಲ, ಪತ್ರದಲ್ಲೇ ಹಾಗೆಂದು ನಮೂದಿಸಿ. ದಿನಪತ್ರಿಕೆಗಳ ತುಣುಕು ಕತ್ತರಿಸಿ ಜಿಲ್ಲಾಡಳಿತಕ್ಕೆ ಕಳಿಸುವುದು ನಿಮ್ಮ ಕಚೇರಿಗಳ ದಿನನಿತ್ಯದ ಕೆಲಸ, ಯಾರು ನಿಜವಾಗಿ ಬರೆಯುತ್ತಾರೆ, ಯಾರು ಪ್ರೆಸ್ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡುತ್ತಾರೆ ಎಂಬುದು ನಿಮಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ದುರುಪಯೋಗದ ಭಯವಿದ್ದರೆ ಪತ್ರಕ್ಕೆ ಸಂಖ್ಯೆ ಕೊಟ್ಟು, 6 ತಿಂಗಳ ಅವಧಿ ಹಾಕಿ, ಒಂದೇ ದೇಶದ ಒಂದೇ ಪ್ರಯಾಣಕ್ಕೆ ಸೀಮಿತಗೊಳಿಸಿ. ಅರ್ಜಿ ಬಂದ 15 ದಿನದೊಳಗೆ ಕೊಡುವುದೋ ಕಾರಣ ಬರೆದು ತಿರಸ್ಕರಿಸುವುದೋ ಆಗಬೇಕು, ಯಾಕೆಂದರೆ ವೀಸಾ ಅಪಾಯಿಂಟ್‌ಮೆಂಟ್ ಕಾಯುವುದಿಲ್ಲ. ದೂತಾವಾಸಗಳು ಪರಿಶೀಲಿಸಲು ಇಲಾಖೆಯ ಅಧಿಕೃತ ಇಮೇಲ್ ವಿಳಾಸವೊಂದನ್ನು ಪತ್ರದ ಅಡಿಯಲ್ಲಿ ಅಚ್ಚು ಹಾಕಿಸಿ, ಅದಕ್ಕೆ ಬರುವ ಪ್ರಶ್ನೆಗೆ ಎರಡು ಕೆಲಸದ ದಿನದಲ್ಲಿ ಉತ್ತರಿಸುವ ಹೊಣೆಯನ್ನು ಒಬ್ಬ ಸಿಬ್ಬಂದಿಗೆ ಹೆಸರಿಸಿ ವಹಿಸಿ.

ಮೂರು ಜಿಲ್ಲೆಗಳಲ್ಲಿ ಇದನ್ನು ಒಂದು ವರ್ಷ ನಡೆಸಿ ನೋಡಬಹುದು. ಹೊಸ ಹುದ್ದೆ ಬೇಡ, ಅನುದಾನ ಬೇಡ, ಸುತ್ತೋಲೆಯೊಂದು ಸಾಕು. ನಿಯೋಜನೆ ಪತ್ರ, ಕರಾರು, ದೃಢೀಕರಣ ಪತ್ರ, ಈ ಮೂರರ ಇಂಗ್ಲಿಷ್ ಕರಡನ್ನು ಸಿದ್ಧಪಡಿಸಿ ಕೊಡಲು ನಾವು ತಯಾರಿದ್ದೇವೆ. ತಿದ್ದುವುದಿದ್ದರೆ ತಿದ್ದಿ, ನಿಮ್ಮ ಕಾನೂನು ವಿಭಾಗಕ್ಕೆ ತೋರಿಸಿ, ಲೆಟರ್‌ಹೆಡ್ಡಿಗೆ ಇಳಿಸಿಕೊಳ್ಳಿ.

ಇಂತಿ,
ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ವರದಿಗಾರರಿಗೆ ವೀಸಾ ಕಾಗದಪತ್ರ ಹೊಂದಿಸಿಕೊಡುವ ಗೆಳೆಯರು